ಅಂಗಿ ತೊಟ್ಟ ಮೂರನೇ ಗುಂಪು

ಶನಿವಾರ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಮೊದಲು ಕಾಳಿಕಾ ಬಡಿಗೇರ ಒಂದು ಗುಂಡಿ ಒತ್ತಿದಳು. ಅದರಿಂದ ಮರುದಿನ ಬೆಳಿಗ್ಗೆ ಆರು ಗಂಟೆಗೆ ಹುಬ್ಬಳ್ಳಿಯಲ್ಲಿ ಎಲ್ಲೋ ಒಂದು ಗೇಟು ಮುಚ್ಚಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದು ತಾನು ಸಂಜೆ ಬ್ಯಾಗು ಹೆಗಲಿಗೇರಿಸಿ ಒಳಗೆ ಹೋಗಲಿರುವ ಗೇಟು ಎಂಬುದು ಮಾತ್ರ ಗೊತ್ತಿರಲಿಲ್ಲ. ವರ್ಗೀಕರಣ ಕೇಂದ್ರದಲ್ಲಿ ಗೇಟುಗಳಿಗೆ ಹೆಸರಿಲ್ಲ, ಬರೀ ನಂಬರು. ನಮ್ಮವರ ಮನೆ ಅಂತ ಯಾರ ಕೈಯೂ ನಡುಗಬಾರದು ಎಂದು ಮಾಡಿದ ಏರ್ಪಾಡು. ಕಾಳಿಕಾಳ ಕೈ ನಡುಗಲಿಲ್ಲ. ಗುಂಡಿ ಒತ್ತಿ, ಕೈ ತೊಳೆದು, ರೊಟ್ಟಿ ಝುಣಕ ಉಂಡಳು.

ಎರಡು ದೊಡ್ಡ ಪಿಡುಗುಗಳು ಊರೂರು ಗುಡಿಸಿಕೊಂಡು ಹೋದ ಮೇಲೆ ಬಂದ ಕಾನೂನು ಅದು. ಹತ್ತಕ್ಕಿಂತ ಹೆಚ್ಚು ಮನೆಗಳಿರುವ ಪ್ರತಿ ಕಟ್ಟಡದ ಗೇಟಿಗೂ ಎರಡು ಬದಿಗೆ ಬೀರುವಿನಷ್ಟು ಎತ್ತರದ ಎರಡು ಪೆಟ್ಟಿಗೆ. ಒಂದು ಒಳಗಿನ ಗಾಳಿಯನ್ನು ಮೂಸುತ್ತದೆ, ಇನ್ನೊಂದು ಚರಂಡಿಯ ನೀರನ್ನು. ಸರ್ಕಾರಿ ಕಾಗದದಲ್ಲಿ ಅವಕ್ಕೆ ಮಾರುದ್ದದ ಹೆಸರಿದೆ. ಜನ ಜಯ, ವಿಜಯ ಅಂದರು, ಅದೇ ಉಳಿಯಿತು. ವೈಕುಂಠದ ಜಯ ವಿಜಯರು ಒಳಗೆ ಬರುವವರನ್ನು ತಡೆದರು, ಇವರು ಹೊರಗೆ ಹೋಗುವವರನ್ನು ತಡೆಯುತ್ತಾರೆ, ಅಷ್ಟೇ ಫರಕು.

ಈ ಪೆಟ್ಟಿಗೆಗಳಿಗೆ ಬರುವ ವಿದ್ಯೆ ಒಂದೇ: ಸಿಕ್ಕ ವೈರಸ್ಸನ್ನು ಗುಂಪಿಗೆ ಸೇರಿಸುವುದು. ವೈರಸ್ಸಿನ ಸಂಸಾರ ಬಹಳ ಚಿಕ್ಕದು. ಒಳಗೊಂದು ದಾರ, ತನ್ನಂಥದ್ದನ್ನೇ ಇನ್ನೊಂದು ಮಾಡುವ ವಿಧಾನ ಅದರಲ್ಲಿ ಬರೆದಿದೆ. ದಾರದ ಸುತ್ತ ಪ್ರೋಟೀನಿನ ಡಬ್ಬಿ. ಕೆಲವಕ್ಕೆ ಡಬ್ಬಿಯ ಮೇಲೊಂದು ಕೊಬ್ಬಿನ ಅಂಗಿ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಯಾರದೋ ಜೀವಕೋಶದೊಳಗೆ ನುಗ್ಗಿದರೆ ಮಾತ್ರ ಅದಕ್ಕೊಂದು ಬಾಳು. ದಾರ ಡಿಎನ್‌ಎಯೋ ಆರ್‌ಎನ್‌ಎಯೋ, ಒಂಟಿ ಎಳೆಯೋ ಜೋಡಿ ಎಳೆಯೋ, ಇದ್ದಂತೆಯೇ ಓದಬಹುದೋ ತಿರುವಿ ಬರೆದುಕೊಳ್ಳಬೇಕೋ ಎಂದು ನೋಡಿ ಏಳು ಗುಂಪು ಮಾಡಿದ್ದಾರೆ. ಡಬ್ಬಿ ಸುರುಳಿ ಸುತ್ತಿದ ಕೋಲಿನಂತಿದೆಯೋ, ಇಪ್ಪತ್ತು ಮುಖದ ಗುಂಡಿನಂತಿದೆಯೋ, ಮೇಲೆ ಅಂಗಿ ಇದೆಯೋ ಇಲ್ಲವೋ ಎಂಬುದು ಇನ್ನೊಂದು ಲೆಕ್ಕ. ಎರಡನ್ನೂ ಕೂಡಿಸಿದರೆ ಒಂದು ಕೋಷ್ಟಕ. ಅದರ ಒಂದೊಂದು ಮನೆಗೆ ಇಷ್ಟು ದಿನದ ಬೀಗ, ಆಸ್ಪತ್ರೆಯಲ್ಲಿ ಇಂಥ ವಾರ್ಡು ಎಂದು ಗೊತ್ತು ಮಾಡಿದ್ದಾರೆ. ಅಂಗಿ ತೊಟ್ಟವಕ್ಕೆ ಸಾಬೂನು ತಾಗಿದರೆ ಮುಗಿಯಿತು. ಬತ್ತಲೆ ಇರುವವೇ ಗಟ್ಟಿಗರು, ಬಾಗಿಲ ಹಿಡಿಕೆಯ ಮೇಲೆ ವಾರಗಟ್ಟಲೆ ಕೂತಿರಬಲ್ಲವು. ಇನ್ನು ಬಾಲ ಇರುವವು ಬ್ಯಾಕ್ಟೀರಿಯಾಗಳನ್ನು ತಿನ್ನುವ ಜಾತಿ, ಮನುಷ್ಯರ ತಂಟೆಗೆ ಬರುವುದಿಲ್ಲ, ಅವನ್ನು ಪೆಟ್ಟಿಗೆ ನೋಡಿಯೂ ನೋಡದ ಹಾಗೆ ಬಿಟ್ಟುಬಿಡುತ್ತದೆ.

ಕೋಷ್ಟಕಕ್ಕೆ ಹೊಂದದ್ದು ಮಾತ್ರ ಮನುಷ್ಯರ ಕಣ್ಣಿಗೆ ಬರುತ್ತದೆ, ಅಂದರೆ ಕಾಳಿಕಾಳ ಕಣ್ಣಿಗೆ. ಹತ್ತೊಂಬತ್ತು ವರ್ಷದಿಂದ ಅವಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತವಳು. ಶನಿವಾರ ಬಂದದ್ದು ಜೋಡಿ ಎಳೆಯ ಆರ್‌ಎನ್‌ಎ, ಇಪ್ಪತ್ತು ಮುಖದ ಡಬ್ಬಿ. ಅಲ್ಲಿಗೆ ಮೂರನೇ ಗುಂಪು. ಮಕ್ಕಳನ್ನು ಭೇದಿ ಮಾಡಿಸಿ ಒಣಗಿಸುವ ವೈರಸ್ ಇದೇ ಗುಂಪಿನದು. ಆದರೆ ಕೋಷ್ಟಕದಲ್ಲಿ ಮೂರನೇ ಗುಂಪಿನವರೆಲ್ಲ ಬತ್ತಲೆ. ಇದು ಮಾತ್ರ ನೀಟಾಗಿ ಅಂಗಿ ತೊಟ್ಟು ಬಂದಿತ್ತು. ಅವಳು ಎರಡು ಸಲ ಹೊಸ ಮಾದರಿ ತರಿಸಿ ನೋಡಿದಳು. ಅಂಗಿ ಇದ್ದೇ ಇತ್ತು. ‘ವರ್ಗವಿಲ್ಲ’ ಎಂಬ ಗುಂಡಿ ಒತ್ತಿದಳು.

ವರ್ಗ ಸಿಗುವ ತನಕ ಗೇಟು ತೆರೆಯುವುದಿಲ್ಲ. ವರ್ಗವಿಲ್ಲದವರಿಗೆ ಯಾವ ಆಸ್ಪತ್ರೆಯಲ್ಲೂ ವಾರ್ಡಿಲ್ಲ. ಈ ಎರಡು ಸಾಲನ್ನು ಕಾಳಿಕಾ ತರಬೇತಿಗೆ ಬಂದ ಎಷ್ಟೋ ಜನಕ್ಕೆ ಬಾಯಿಪಾಠ ಮಾಡಿಸಿದ್ದಳು. ಅವುಗಳ ಅರ್ಥ ತಿಳಿದದ್ದು ಭಾನುವಾರ ಬೆಳಿಗ್ಗೆ, ಹಾಲಿಗೆಂದು ಕೆಳಗಿಳಿದ ಅವಳ ಗಂಡ ಮೌನೇಶ ಪಾಕೀಟು ಹಿಡಿದು ಮೇಲೆ ಬಂದಾಗ.

"ಕಾಳೀ, ನಿಮ್ಮ ಜಯ ವಿಜಯ ಇಬ್ಬರೂ ಕಣ್ಣು ಕೆಂಪಗ ಮಾಡ್ಯಾರ ನೋಡು. ಹಾಲಿನ ಗಾಡಿಯಂವ ಪಾಕೀಟು ಕಿಂಡ್ಯಾಗ ಹಾಕಿ ಓಡಿ ಹೋದ. ಬೋರ್ಡಿನ ಮ್ಯಾಲೆ ಏನೋ ‘ವರ್ಗವಿಲ್ಲ’ ಅಂತ ಬಂದೈತಿ. ಅಂದ್ರ ಏನದು?"

ಕಾಳಿಕಾ ಹಿಡಿದಿದ್ದ ಚಹಾದ ಸೋಸಣಿಗೆಯನ್ನು ಹಾಗೇ ಕಟ್ಟೆಯ ಮೇಲಿಟ್ಟಳು. ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಮೌನೇಶನ ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಗುರುವಾರ ಆಸ್ಪತ್ರೆಗೆ ಹೋಗಿ ನಾಲ್ಕು ತಾಸು ಮಲಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅವನೇ ತಮಾಷೆಗೆ ಅದಕ್ಕೆ ರಕ್ತದ ಧೋಬಿಘಾಟು ಅನ್ನುತ್ತಿದ್ದ. ಬಡಗಿ ಕೆಲಸ ಬಿಟ್ಟಿರಲಿಲ್ಲ, ವಾರದಲ್ಲಿ ಮೂರು ದಿನ ಅಂಗಡಿಗೆ ಹೋಗಿ ಕೂತು ಸಣ್ಣಪುಟ್ಟ ಸಾಮಾನು ಮಾಡುತ್ತಿದ್ದ.

"ನಾನ ಹಾಕಿದ ಬೀಗರೀ ಅದು," ಅಂದಳು. ಆಮೇಲೆ ಎಲ್ಲ ಹೇಳಿದಳು.

ಅವನು ಸೋಸಣಿಗೆ ಎತ್ತಿ ಚಹಾ ತಾನೇ ಸೋಸಿದ. ಆಮೇಲೆ "ನಂಬರು ನೋಡಿ ಹಾಕೀದಿ. ನನ್ನ ನೋಡಿ ಹಾಕಿಲ್ಲಲ್ಲ, ಬಿಡು," ಅಂದ. ಅವನ ಈ ಸಮಾಧಾನದಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಸೋಮವಾರ ಹೋಯಿತು. ಕಾಳಿಕಾ ಕೇಂದ್ರದ ನಿರ್ದೇಶಕ ಡಾ. ತಿಪ್ಪೇಸ್ವಾಮಿಯವರಿಗೆ ನಾಲ್ಕು ಸಲ ಫೋನು ಮಾಡಿದಳು. ಅವರು ಚಿತ್ರದುರ್ಗದ ಕಡೆಯವರು, ಸಂಭಾವಿತರು, ಕಾನೂನು ಬಿಟ್ಟು ಒಂದು ಅಕ್ಷರ ಆಚೀಚೆ ಹೋಗದವರು. ಹಿಂದೆ ಒಬ್ಬ ಅಧಿಕಾರಿ ಬೇಕಾದವರೊಬ್ಬರಿಗೆ ಗೇಟು ತೆರೆದು, ಒಂದು ಇಡೀ ಊರು ಮಲಗಿದ ಮೇಲೆ, ಕೈಯಿಂದ ಗೇಟು ತೆರೆಯುವ ಅಧಿಕಾರವನ್ನು ಎಲ್ಲರಿಂದಲೂ ಕಿತ್ತುಕೊಂಡಿದ್ದರು. "ನನ್ನ ಹೆಂಡತಿ ಒಳಗಿದ್ದರೂ ನಾನು ಇದನ್ನೇ ಹೇಳಬೇಕಾಗ್ತಿತ್ತಮ್ಮ," ಅಂದರು. ಆಸ್ಪತ್ರೆಯ ಡಾಕ್ಟರು ಫೋನಿನಲ್ಲೇ ಮಾತ್ರೆ ಬದಲಿಸಿ, ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಬೇಡ, ಹಣ್ಣು ಎಳನೀರು ಮುಟ್ಟಿಸಬೇಡಿ ಅಂದರು. ಗುರುವಾರ ತಪ್ಪಿದರೆ ಏನು ಎಂದು ಅವಳು ಕೇಳಿದ್ದಕ್ಕೆ, ಗುರುವಾರ ತಪ್ಪಿಸಬೇಡಿ ಎಂದಷ್ಟೇ ಹೇಳಿ ಇಟ್ಟರು.

ಮೂವತ್ತೊಂದು ಮನೆಯ ಆ ಕಟ್ಟಡ ಎರಡೇ ದಿನಕ್ಕೆ ಬಾವಿಯ ಹಾಗಾಯಿತು. ಮೇಲೆ ಟೆರೇಸು, ಕೆಳಗೆ ಕೆಂಪು ದೀಪದ ಗೇಟು, ನಡುವೆ ಮೆಟ್ಟಿಲು ಹತ್ತಿ ಇಳಿಯುವ ಜನ. ತಮಾಷೆ ಅಂದರೆ ಯಾರಿಗೂ ಒಂದು ನೆಗಡಿಯೂ ಇರಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ. ಕಾಳಿಕಾ ಮನೆಮನೆಗೆ ಹೋಗಿ ವಿಚಾರಿಸಿದಳು. ಕೋಟಿಗಟ್ಟಲೆ ವೈರಸ್ ಚರಂಡಿಗೆ ಹರಿಯುತ್ತಿದೆ, ಯಾರಿಗೂ ಏನೂ ಆಗಿಲ್ಲ. ಹಾಗಿದ್ದರೆ ಇದು ಬದುಕುತ್ತಿರುವುದು ಯಾರ ಮೈಮೇಲೆ?

ಮಂಗಳವಾರ ಮೌನೇಶನ ಪಾದ ಬಾತುಕೊಂಡವು. ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಬಾಯಿಗೆ ಏನೂ ರುಚಿಸದೆ, "ಅನ್ನಕ್ಕ ಒಂದು ಚಮಚ ಮೊಸರರೆ ಹಾಕು," ಅಂದ. ಮನೆಯ ಮೊಸರು ಹಾಲಿನ ಹಾಗೇ ತೆಳ್ಳಗಿತ್ತು. ಅವಳು ಬಟ್ಟಲು ಹಿಡಿದು ಮೂರನೇ ಮಹಡಿಯ ಬಸಲಿಂಗವ್ವನ ಮನೆಗೆ ಹೋದಳು. ಗದಗಿನ ಬಸಲಿಂಗವ್ವ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು ಎಂದು ಕಟ್ಟಡದಲ್ಲೆಲ್ಲ ಹೆಸರು.

"ಯವ್ವಾ, ಎಲ್ಲಿ ಮೊಸರು ತಂಗಿ!" ಬಸಲಿಂಗವ್ವ ಗಡಿಗೆ ಬಗ್ಗಿಸಿ ತೋರಿಸಿದಳು. ಒಳಗೆ ಲೋಳೆಲೋಳೆ ಹಾಲು. "ಎಂಟು ದಿನಾ ಆತು, ಹೆಪ್ಪಾಗವಲ್ದು. ಹಾಲಿನವರ ಏನೋ ಬೆರಸ್ಯಾರ. ಎಲ್ಲರ ಮನ್ಯಾಗೂ ಇದ ಹಾಡು."

"ಎಲ್ಲರ ಮನ್ಯಾಗೂ? ಎಲ್ಲರೂ ಹೆಪ್ಪು ಎಲ್ಲಿಂದ ಒಯ್ತಾರ ಬಸಲಿಂಗಕ್ಕ?"

"ಮತ್ತೆಲ್ಲಿಂದ? ನನ್ನ ಗಡಿಗ್ಯಾಗಿಂದ. ನಾ ಏನು ಇಲ್ಲ ಅಂತೀನೇನು? ಒಂದು ಚಮಚ ಹೆಪ್ಪಿಗೆ ಯಾರಾರ ಇಲ್ಲ ಅಂತಾರ?"

ಕಾಳಿಕಾ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು. ಮೊಸರು ಮಾಡುವುದು ಬ್ಯಾಕ್ಟೀರಿಯಾ. ಹತ್ತು ಮನೆಯಲ್ಲಿ ಹತ್ತು ನಮೂನೆಯ ಹೆಪ್ಪಿದ್ದರೆ ಹತ್ತು ತಳಿಯ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಮೊಸರು ಕೆಟ್ಟದ್ದು ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಬಸಲಿಂಗವ್ವನ ಗಟ್ಟಿ ಮೊಸರಿನ ಆಸೆಗೆ ಎಲ್ಲರೂ ತಂತಮ್ಮ ಹೆಪ್ಪು ಬಿಟ್ಟು ಒಂದೇ ಗಡಿಗೆಯ ತಳಿಗೆ ಬಂದಿದ್ದರು. ಅದನ್ನು ತಿನ್ನುವ ಒಂದು ವೈರಸ್ ಹುಟ್ಟಿದರೆ ಸಾಕು, ಅದಕ್ಕೆ ಕಟ್ಟಡದ ಉದ್ದಕ್ಕೂ ಬಾಳೆಲೆ ಹಾಸಿ ಬಡಿಸಿದ ಹಾಗೆ. ಪಾತ್ರೆ ತೊಳೆದ ನೀರೆಲ್ಲ ನೇರ ವಿಜಯನ ಮೂಗಿಗೆ ಹೋಗುತ್ತಿತ್ತು.

ನಂಬಿದರೆ ಸಾಲದು, ತೋರಿಸಬೇಕಿತ್ತು. ಅವಳು ಬಿಸಿ ಆರಿಸಿದ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿಟ್ಟಳು. ಹೆಪ್ಪಿಲ್ಲದ ಮನೆಯಲ್ಲಿ ಹೀಗೆ ತೊಟ್ಟಿನಿಂದ ಮೊಸರು ಮಾಡುವುದು ಅವಳ ಅವ್ವ ಕಲಿಸಿದ್ದು. ಬುಧವಾರ ಬೆಳಿಗ್ಗೆ ಹೊಸ ಮೊಸರು ಬಂದಿತ್ತು. ಇದು ಬೇರೆ ತಳಿ, ಇದಕ್ಕೆ ವೈರಸ್ ಸೋಂಕದೆ ಹೋದರೆ ತನ್ನ ಊಹೆಯನ್ನು ತೋರಿಸುವ ದಾರಿಯೇ ಇಲ್ಲ ಎಂಬ ಭಯ. ಎರಡು ಬಟ್ಟಲು ಹಾಲಿಗೆ ಅದೇ ಹೊಸ ಹೆಪ್ಪು ಹಾಕಿ, ಒಂದರಲ್ಲಿ ಮಾತ್ರ ಬಸಲಿಂಗವ್ವನ ಗಡಿಗೆಯ ತಿಳಿನೀರು ನಾಲ್ಕು ಹನಿ ಬಿಟ್ಟಳು. ಮಧ್ಯಾಹ್ನ ಮೂರಕ್ಕೆ ಒಂದು ಬಟ್ಟಲು ಗಟ್ಟಿಯಾಗಿತ್ತು. ಇನ್ನೊಂದು ಹಾಲಾಗಿಯೇ ಉಳಿದಿತ್ತು. ಅವಳು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು.

ಟ್ಯಾಬಿನ ಪರದೆಯಲ್ಲಿ ತಿಪ್ಪೇಸ್ವಾಮಿ ಎರಡೂ ಬಟ್ಟಲನ್ನು ನೋಡಿದರು. ಅವರ ಹಿಂದೆ ಕೇಂದ್ರದ ದೊಡ್ಡ ಗೋಡೆ, ಅದರ ತುಂಬ ಗೇಟುಗಳ ಹಸಿರು ಚುಕ್ಕೆ, ನಡುವೆ ಒಂದೇ ಒಂದು ಕೆಂಪು.

"ಬಾಲ ಇಲ್ವಲ್ಲಮ್ಮ. ಬ್ಯಾಕ್ಟೀರಿಯಾ ತಿನ್ನೋದಕ್ಕೆ ಬಾಲ ಇರಬೇಕಲ್ಲ."

"ಬಾಲ ಇಲ್ಲದವೂ ಅದಾವ್ರೀ ಸಾಹೇಬ್ರ. ಹುರುಳಿಕಾಯಿ ಗಿಡದ ಬ್ಯಾಕ್ಟೀರಿಯಾದಾಗ ಇಂಥದ ಸಿಕ್ಕೈತಿ, ಜೋಡಿ ಎಳಿ, ಮ್ಯಾಲೆ ಅಂಗಿ. ಪುಸ್ತಕದಾಗ ಐತಿ. ನಾವು ಕೋಷ್ಟಕ ಮಾಡೋವಾಗ ಅಪರೂಪ ಅಂತ ಬಿಟ್ಟೇವಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಹೇಳೋದು ನಿಜ ಅಂತ ನನಗೆ ಅನ್ನಿಸ್ತಿದೆ. ಆದರೆ ಎಲ್ಲಿ ಬರೆಯಲಿ ಹೇಳಿ? ದಾರ ಯಾವುದು ಅಂತ ಕೇಳತ್ತೆ, ಡಬ್ಬಿ ಯಾವುದು ಅಂತ ಕೇಳತ್ತೆ. ಇದು ಯಾರನ್ನ ತಿನ್ನತ್ತೆ ಅನ್ನೋ ಕಾಲಮ್ಮೇ ಇಲ್ಲ. ಹೊಸ ಮನೆ ಸೇರಿಸೋದು ಸಮಿತಿ. ಅದು ಕೂಡೋದು ಮುಂದಿನ ತಿಂಗಳ ಕೊನೆಗೆ."

"ಮುಂದಿನ ತಿಂಗಳ ತನಕ ನನ್ನ ಗಂಡ ಇರಂಗಿಲ್ರೀ."

ಅವರು ತಲೆ ತಗ್ಗಿಸಿದರು.

ಆ ಯೋಚನೆ ಬಂದದ್ದು ಹಾಲಿನ ಪಾತ್ರೆ ತೊಳೆಯುವಾಗ. ಸಾಬೂನು ಸೋಕಿದ ಕೂಡಲೇ ಜಿಡ್ಡು ಬಿಟ್ಟುಕೊಂಡು ಹೋಯಿತು. ಅಂಗಿಯೂ ಕೊಬ್ಬೇ ತಾನೇ? ಚರಂಡಿಗೆ ಸಾಬೂನು ಸುರಿದರೆ ವೈರಸ್ಸಿನ ಅಂಗಿ ಕಳಚುತ್ತದೆ. ಉಳಿಯುವುದು ಜೋಡಿ ಎಳೆ, ಇಪ್ಪತ್ತು ಮುಖದ ಬತ್ತಲೆ ಡಬ್ಬಿ. ಕೋಷ್ಟಕದಲ್ಲಿ ಅದಕ್ಕೆ ಮನೆಯಿದೆ. ಮೂರನೇ ಗುಂಪು, ಇಪ್ಪತ್ತೊಂದು ದಿನ, ಮೂರನೇ ವಾರ್ಡು. ಮನುಷ್ಯರ ಕಣ್ಣಿಗೆ ಬರುವ ಅಗತ್ಯವೇ ಇಲ್ಲದೆ ಪೆಟ್ಟಿಗೆ ತಾನೇ ಒಪ್ಪಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಚಿತ್ರದ ಒಂದು ಚುಕ್ಕೆಯನ್ನೂ ತಿದ್ದಿದವಳಲ್ಲ. ತನಗೆ ಇಂಥ ಬುದ್ಧಿ ಹೊಳೆಯಿತಲ್ಲ ಎಂದು ಮೈ ಜುಮ್ಮೆಂದಿತು, ನಾಚಿಕೆಯೂ ಆಯಿತು.

ಮೌನೇಶ ಮೂರು ದಿಂಬಿಗೊರಗಿ ಕೂತಿದ್ದ. ಚಪ್ಪಟೆ ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ.

"ಅಂದ್ರ ಸುಳ್ಳಲ್ಲೇನು ಅದು?" ಅಂದ.

"ಸುಳ್ಳರೀ."

"ನಾ ಬ್ಯಾಡ ಅಂದ್ರ ಬಿಡತೀಯೇನು?"

"ಬಿಡಂಗಿಲ್ಲ."

"ಮತ್ತ ನನ್ನ ಯಾಕ ಕೇಳತಿ? ಹೋಗು, ಉಳದವರನ್ನ ಕೇಳು."

ಅವಳು ಮೆಟ್ಟಿಲ ಮೇಲೆ ಎಲ್ಲರನ್ನೂ ಕೂಡಿಸಿ ಮುಚ್ಚುಮರೆಯಿಲ್ಲದೆ ಹೇಳಿದಳು. ಯಾರೂ ಎರಡು ಮಾತಾಡಲಿಲ್ಲ. ಕೊನೆಯೇ ಗೊತ್ತಿಲ್ಲದ ಬೀಗಕ್ಕಿಂತ ಇಪ್ಪತ್ತೊಂದು ದಿನದ ಬೀಗ ಎಷ್ಟೋ ವಾಸಿ, ಮೇಲಾಗಿ ಮೌನೇಶಣ್ಣ ಬದುಕುತ್ತಾನೆ. ಬಸಲಿಂಗವ್ವ ಎಲ್ಲರಿಗಿಂತ ಮುಂದೆ ನಿಂತು ಬಟ್ಟೆ ಪುಡಿಯ ಐದು ಕಿಲೋ ಚೀಲ ಹೊತ್ತು ತಂದಳು. ಅವತ್ತು ಸಂಜೆ ಮೂವತ್ತೊಂದು ಮನೆಯ ಬಚ್ಚಲಿಂದಲೂ ನೊರೆ ಇಳಿಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ಬೋರ್ಡಿನ ಅಕ್ಷರ ಬದಲಾದವು: ಮೂರನೇ ಗುಂಪು. ಒಂಬತ್ತೂವರೆಗೆ ಬೆನ್ನ ಮೇಲೆ ದೊಡ್ಡ ಮೂರು ಬರೆದ ಆಂಬುಲೆನ್ಸ್ ಬಂತು. ಗೇಟು ಒಬ್ಬರು ಹಾಯುವಷ್ಟು ತೆರೆದು, ಮೌನೇಶನನ್ನು ಹೊರಗೆ ಬಿಟ್ಟು, ಮತ್ತೆ ಮುಚ್ಚಿಕೊಂಡಿತು. ಹತ್ತೂವರೆಗೆ ಅವನಿಂದ ಫೋನು ಬಂತು. "ಧೋಬಿಘಾಟು ಶುರುವಾತು. ಸುತ್ತಲೂ ಸಣ್ಣ ಸಣ್ಣ ಕೂಸುಗೋಳು ಕಾಳೀ, ಪಾಪ, ಭೇದಿ ಹತ್ತಿ ಬಾಡ್ಯಾವ. ಎರಡೂವರೆಗೆ ಮುಗೀತೈತಿ." ಅವಳು ನಾಲ್ಕು ದಿನದಲ್ಲಿ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡಳು.

ಆಮೇಲೆ ಟ್ಯಾಬು ತೆರೆದಳು. ಪರದೆಯಲ್ಲಿ ಕಂಡ ಕೇಂದ್ರದ ಗೋಡೆಯ ಮೇಲೆ ಕೆಂಪು ಚುಕ್ಕೆ ಒಂದರ ಬದಲು ನಾಲ್ಕಿದ್ದವು. ನೋಡುತ್ತಿರುವಾಗಲೇ ಐದಾದವು.

ಬೇರೆ ಯಾರಿಗಾದರೂ ಮರೆತಿದ್ದರೆ ಮಾತು ಬೇರೆ, ಅವಳಿಗೆ ಮರೆಯಬಾರದಿತ್ತು. ಗುರುತಿಲ್ಲದ ವೈರಸ್ ರಾಶಿಗಟ್ಟಲೆ ಇದ್ದರೆ ಮಾತ್ರ ಪೆಟ್ಟಿಗೆ ಎಚ್ಚರಗೊಳ್ಳುತ್ತದೆ. ಒಂದು ಗೇಟು ಅದನ್ನು ಗುಂಪಿಗೆ ಸೇರಿಸಿದ ಮೇಲೆ ಅದರ ದಾರದ ಬರಹ ಎಲ್ಲ ಗೇಟುಗಳಿಗೂ ಹೋಗುತ್ತದೆ. ಆಮೇಲೆ ಅಂಗಿ ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ, ಅದೇ ದಾರದ ಒಂದು ಚೂರು ಕಂಡರೂ ಬೀಗ. ಹೆಪ್ಪು ಕಟ್ಟಡದೊಳಗೇ ಸುತ್ತುತ್ತದೆ ಎಂದುಕೊಂಡಿದ್ದಳು. ಹೆಪ್ಪು ಎಲ್ಲಾದರೂ ಒಂದೇ ಕಡೆ ಕೂರುವ ವಸ್ತುವೇ? ತವರಿಗೆ ಬಂದ ಮಗಳು ಡಬ್ಬಿಯಲ್ಲಿ ಒಯ್ಯುತ್ತಾಳೆ, ಬೀಗಿತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಾಳೆ. ಹುಬ್ಬಳ್ಳಿಯಲ್ಲಿ ಎರಡು, ಅಣ್ಣಿಗೇರಿಯಲ್ಲಿ ಒಂದು, ಗದಗಿನಲ್ಲಿ ಒಂದರ ಹಿಂದೊಂದು. ಹನ್ನೆರಡು ಗಂಟೆಗೆ ಚುಕ್ಕೆ ಹನ್ನೊಂದಾದವು.

ಎರಡೂವರೆಗೆ ಹೇಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಅವರ ಡಯಾಲಿಸಿಸ್ ಮುಗಿಯಲಿ, ಕೂಡಲೇ ಸಾಹೇಬರಿಗೆ ಎಲ್ಲ ಒಪ್ಪಿಸುತ್ತೇನೆ. ಹನ್ನೊಂದು ಕಟ್ಟಡದ ಜನ ಎರಡೂವರೆ ತಾಸು ಒಳಗಿದ್ದರೆ ಮುಳುಗುವುದೇನು? ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕೂತಳು.

ಹನ್ನೆರಡೂ ಮುಕ್ಕಾಲಿಗೆ ಬಸಲಿಂಗವ್ವ ಬಾಗಿಲು ತಳ್ಳಿಕೊಂಡು ಬಂದಳು. ಸೆರಗು ನೆಲಕ್ಕೆ ಎಳೆಯುತ್ತಿತ್ತು. "ತಂಗಿ, ನನ್ನ ಮಗಳು ಶಿವಲೀಲಾಂದು ಫೋನ್ ಬಂತು. ಗದಗಿನಾಗ ಅವರ ಗೇಟೂ ಮುಚ್ಚೇತಂತ. ಬೆಳಗಿನಿಂದ ಬ್ಯಾನಿ ತಿನ್ನಾಕತ್ತಾಳ. ಚೊಚ್ಚಲ ಹೆರಿಗಿ, ಈ ವಾರ ಇಲ್ಲಿಗೆ ಬರಬೇಕಾಗಿತ್ತು, ನಮ್ಮ ಗೇಟು ಮುಚ್ಚಿದ್ದಕ್ಕ ಅಲ್ಲೇ ಉಳದ್ಲು. ಕುಬಸಕ್ಕ, ಉಡಿ ತುಂಬಾಕ ಹೋದಾಗ ನಾನ ಗಡಿಗಿ ತುಂಬ ಮೊಸರು ಒಯ್ದು ಕೊಟ್ಟಿದ್ದೆ."

"ಆಂಬುಲೆನ್ಸ್?"

"ಬರತೈತಂತ. ಮೂರನೇ ವಾರ್ಡಿಗೆ ಒಯ್ತಾರಂತ. ನಮ್ಮ ಮೌನೇಶಣ್ಣನ ಒಯ್ದಂಗ. ಅದು ಚಲೋ ವಾರ್ಡ ಹೌದಲ್ಲೊ?"

ಕಾಳಿಕಾ ಕುರ್ಚಿ ಬಿಟ್ಟು ಎದ್ದಳು. ಆ ವಾರ್ಡಿನ ತುಂಬ ನಿಜವಾದ ಮೂರನೇ ಗುಂಪು ಇತ್ತು. ಬತ್ತಲೆ ಇರುವ, ಸಾಬೂನಿಗೆ ಜಗ್ಗದ, ಹಿಡಿಕೆಯ ಮೇಲೂ ತೊಟ್ಟಿಲ ಮೇಲೂ ವಾರಗಟ್ಟಲೆ ಕೂತಿರುವ ವೈರಸ್. ದೊಡ್ಡವರಿಗೆ ಅದು ಎರಡು ದಿನದ ಹೊಟ್ಟೆನೋವು. ಈಗಷ್ಟೇ ಹುಟ್ಟಿದ ಕೂಸಿಗೆ ಹಾಗಲ್ಲ. ಬಸಲಿಂಗವ್ವ ಇನ್ನೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ನಿನ್ನೆ ಸೋಪಿನ ಪುಡಿಯ ಚೀಲ ಹೊತ್ತು ತಂದವಳು ಇವಳೇ.

ಗಡಿಯಾರದಲ್ಲಿ ಹನ್ನೆರಡು ಐವತ್ತು. ಮೌನೇಶನದು ಇನ್ನೂ ಒಂದು ತಾಸು ನಲವತ್ತು ನಿಮಿಷ ಬಾಕಿ.

ಕಾಳಿಕಾ ತಿಪ್ಪೇಸ್ವಾಮಿಯವರಿಗೆ ಫೋನು ಹಚ್ಚಿದಳು. "ಸಾಹೇಬ್ರ, ಈ ವರ್ಗ ಸುಳ್ಳು. ಚರಂಡಿಗೆ ಸಾಬೂನು ಸುರದು ನಾನ ಹುಟ್ಟಿಸೀನಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. "ಇದರಿಂದ ನಿಮ್ಮ ಕೆಲಸ ಹೋಗತ್ತೆ, ಗೊತ್ತಲ್ವಾ?"

"ಗೊತ್ತೈತ್ರಿ. ಉಳದ ಗೇಟು ಏನಾಗ್ತಾವ, ಅದನ್ನ ಹೇಳ್ರಿ."

"ವರ್ಗದ ಮೇಲೆ ವಿವಾದ ಅಂತ ನಾನು ಹಾಕಿದರೆ ಉಳಿದ ಗೇಟುಗಳಲ್ಲಿ ಅದು ತಕ್ಷಣ ರದ್ದಾಗತ್ತೆ, ಎಲ್ಲಾ ತೆರೀತವೆ. ಹುಟ್ಟಿದ ಗೇಟು ಮಾತ್ರ ಮತ್ತೆ ‘ವರ್ಗವಿಲ್ಲ’ಕ್ಕೆ ಹೋಗತ್ತೆ. ಅಲ್ಲಿಂದ ಹೊರಗೆ ಬಂದವರು ಇದ್ದ ಹಾಗೇ ವಾಪಸ್ ಹೋಗಬೇಕು." ಅವರ ದನಿ ಇಳಿಯಿತು. "ನಿಮ್ಮ ಯಜಮಾನರು ಈಗ ಮೆಷಿನ್ ಮೇಲಿದ್ದಾರೆ, ಅಲ್ವಾ?"

"ಹೌದ್ರೀ."

"ನೋಡಮ್ಮಾ, ಕೇಳಿದ ಮೇಲೆ ನಾನು ಬರೀಲೇಬೇಕು. ಆದರೆ ನನ್ನ ಕನ್ನಡಕ ಎಲ್ಲಿಟ್ಟಿದೀನೋ ಕಾಣ್ತಿಲ್ಲ. ಹುಡುಕೋದಕ್ಕೆ ಒಂದರ್ಧ ಗಂಟೆ ಬೇಕಾಗಬಹುದು."

ಕಾನೂನು ಬಿಟ್ಟು ಒಂದು ಅಕ್ಷರ ಆಚೀಚೆ ಹೋಗದ ಮನುಷ್ಯ ಅವಳಿಗಾಗಿ ಹಾಗೆ ಹೇಳಿದ್ದ. ಅರ್ಧ ಗಂಟೆ ಅಂದರೆ ಮೌನೇಶನಿಗೆ ಅರ್ಧ ದಿನದ ಉಸಿರು. ಬೇಕು ಅನ್ನಲು ಅವಳ ಬಾಯಿ ತೆರೆದೇ ಇತ್ತು. ಬಸಲಿಂಗವ್ವನ ಕೈಯಲ್ಲಿದ್ದ ಫೋನಿನಿಂದ ಆಚೆಯ ಹುಡುಗಿ "ಯವ್ವಾ, ಗಾಡಿ ಬಂತು, ಹತ್ತಲೇನು?" ಎಂದು ಅಳುತ್ತ ಕೇಳಿದ್ದು ಕಾಳಿಕಾಳಿಗೂ ಕೇಳಿಸಿತು.

"ಬ್ಯಾಡ್ರೀ ಸಾಹೇಬ್ರ," ಅಂದಳು. "ಕನ್ನಡಕ ನಿಮ್ಮ ಮೂಗಿನ ಮ್ಯಾಲೆ ಐತಿ. ಈಗ ಒತ್ತ್ರಿ."

ಗೋಡೆಯ ಮೇಲಿನ ಹತ್ತು ಚುಕ್ಕೆಗಳು ಒಟ್ಟಿಗೇ ಹಸಿರಾದವು. ಒಂದು ಉಳಿಯಿತು. ಶಿವಲೀಲಾಳನ್ನು ಅವಳ ಗಂಡ ಆಟೋದಲ್ಲಿ ಸಾದಾ ಹೆರಿಗೆ ಆಸ್ಪತ್ರೆಗೆ ಒಯ್ದನೆಂದು ಬಸಲಿಂಗವ್ವನೇ ಕೂಗಿ ಹೇಳಿದಳು. ಆಮೇಲೆ ಗಡಿಯಾರ ನೋಡಿದಳು, ಕಾಳಿಕಾಳನ್ನು ನೋಡಿದಳು, ತನ್ನ ಮಗಳಿಗಾಗಿ ಮೌನೇಶನ ಮೆಷಿನ್ ನಿಂತಿದೆ ಎಂದು ಆಗ ಅವಳಿಗೆ ತಿಳಿಯಿತು. ಬಾಯಿಗೆ ಸೆರಗಿಟ್ಟುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ತಿಪ್ಪೇಸ್ವಾಮಿ ಒಂದು ಗಂಟೆಯ ನಂತರ ಮತ್ತೆ ಫೋನು ಮಾಡಿದರು. ವರ್ಗವಿಲ್ಲದ್ದಕ್ಕೆ ಸಮಿತಿ ತಿಂಗಳು ಕಾಯಬಹುದು, ಆದರೆ ವಿವಾದವನ್ನು ನಲವತ್ತೆಂಟು ಗಂಟೆಯೊಳಗೆ ಕೇಳಲೇಬೇಕಂತೆ. ಶನಿವಾರ ಬೆಳಿಗ್ಗೆ ಕೂಡುತ್ತಾರೆ. ಎರಡೂ ಬಟ್ಟಲನ್ನು ಹಾಗೇ ಇಟ್ಟಿರಿ, ಒಪ್ಪಿದರೂ ಒಪ್ಪಬಹುದು, ಇಲ್ಲದಿದ್ದರೆ ಇಲ್ಲ ಅಂದರು. ಡಾಕ್ಟರು, ಅರ್ಧ ಮಾಡಿದ್ದೇವೆ, ಶನಿವಾರದವರೆಗೆ ತೊಂದರೆ ಆಗಲಿಕ್ಕಿಲ್ಲ, ಭಾನುವಾರದ ಮಾತು ಹೇಳಲಾರೆ ಅಂದರು.

ಮೂರು ಗಂಟೆಗೆ ಆಂಬುಲೆನ್ಸ್ ಮೌನೇಶನನ್ನು ತಂದು ಗೇಟಿನ ಮುಂದೆ ಇಳಿಸಿತು. ತೋಳಿಗೆ ಬಿಗಿದು ಕಟ್ಟಿದ ಬಿಳಿ ಪಟ್ಟಿ, ಕೈಯಲ್ಲಿ ಚಪ್ಪಲಿ. ಬಾತ ಪಾದಕ್ಕೆ ಚಪ್ಪಲಿ ಹತ್ತಿರಲಿಲ್ಲ. ಗೇಟು ತೆರೆದು ಅವನನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ಕಾಳಿಕಾ ಓಡಿ ಹೋಗಿ ತೋಳು ಹಿಡಿದಳು.

"ಇನ್ನೂ ಅರ್ಧಾ ತಾಸು ಸಿಗತಿತ್ತು ನಿಮಗ," ಅಂದಳು. ಮೊದಲು ಇದನ್ನು ಹೇಳದೆ ಬೇರೇನೂ ಮಾತಾಡಲು ಅವಳಿಂದಾಗುತ್ತಿರಲಿಲ್ಲ. "ಸಾಹೇಬ್ರು ತಾವಾಗೇ ಕೊಡತೇನಿ ಅಂದ್ರು. ನಾನ ಬ್ಯಾಡ ಅಂದೆ."

ಮೌನೇಶ ಗೋಡೆ ಹಿಡಿದು ಉಸಿರು ತಿರುಗಿಸಿಕೊಂಡ. "ಮೆಷಿನ್ ಯಾಕ ನಿಲ್ಲಸ್ತೀರಿ ಅಂತ ಆ ನರ್ಸ್ ಹುಡುಗಿನ್ನ ಕೇಳಿದೆ. ನಿಮ್ಮ ಮನೆಯವರ ಫೋನ್ ಬಂತಂತ್ರೀ ಅಂದ್ಲು. ಹಂಗಂದ್ರ ಏನೋ ಆಗೈತಿ ಅಂದ್ಕೊಂಡೆ. ಏನಾತು?"

ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಹಡದ್ಲೇನು?"

"ಎರಡೂಕಾಲಿಗೆ. ಹೆಣ್ಣು."

"ಕೂಸು ಚಲೋ ಐತಿ?"

"ಐತಂತ್ರೀ."

"ಮತ್ತ ಅಳೂದು ಯಾಕ ಹಂಗಾರ? ನಡಿ ಮ್ಯಾಲೆ, ಕುಂಡ್ರಬೇಕು ನಾ."

ಅವಳು ಅವನ ಭಾರವನ್ನು ಹೆಗಲಿಗೆ ತೆಗೆದುಕೊಂಡಳು. ಎರಡು ಮೆಟ್ಟಿಲು ಹತ್ತಿದ ಮೇಲೆ ತಡೆಯಲಾರದೆ ಕೇಳಿಬಿಟ್ಟಳು: "ಶನಿವಾರದ ತನಕ ಇರತೀರಿಲ್ಲೊ?"

"ಇರದ ಎಲ್ಲಿಗೆ ಹೋಗಲೇ?" ಅಂದ ಮೌನೇಶ. "ಬಾಗಲಾ ಹಾಕೈತಿ."